ವಿದೇಶಿ ಯುದ್ಧವಿಮಾನದ ಖರೀದಿ ಮತ್ತು ಅದನ್ನು ಹಾರಿಸುವವರ ತಯಾರಿ

ಮಾನ್ಯ ಸಭಿಕರೇ,

ಯುದ್ಧವಿಮಾನದ ಖರೀದಿ ಎಂದೊಡನೆ ನಮ್ಮ ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಮೊದಲು ಏಳುವ ಪ್ರಶ್ನೆಗಳು ಎರಡು: ಎಷ್ಟು ವಿಮಾನ, ಎಷ್ಟು ಕೋಟಿ. ಇನ್ನೊಂದು ಪ್ರಶ್ನೆಯಿದೆ, ಅದನ್ನು ಕೇಳುವವರು ಕಡಿಮೆ. ಆ ವಿಮಾನವನ್ನು ಯುದ್ಧದಲ್ಲಿ ಬಳಸಬಲ್ಲ ಪೈಲಟ್‌ಗಳು ಯಾವಾಗ ಸಿದ್ಧರಾಗುತ್ತಾರೆ, ಅವರನ್ನು ಸಿದ್ಧಗೊಳಿಸುವ ವ್ಯವಸ್ಥೆಯನ್ನು ಯಾರು, ಯಾವಾಗ, ಯಾವ ಹಣದಿಂದ ಕಟ್ಟುತ್ತಾರೆ? ಅರವತ್ತು ವರ್ಷಗಳ ನಮ್ಮ ಅನುಭವವನ್ನು ನೋಡಿದರೆ, ವಿಮಾನವನ್ನು ಮೊದಲು ತರಿಸಿಕೊಂಡು ತರಬೇತಿಯ ದಾರಿಯನ್ನು ಆಮೇಲೆ ಹುಡುಕಿದಾಗಲೆಲ್ಲ ಅದರ ಬೆಲೆ ತೆತ್ತವರು ಆಗತಾನೇ ಸೇವೆಗೆ ಸೇರಿದ ತರುಣರು. ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ, ಆದರೆ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಸೋವಿಯತ್ ಒಕ್ಕೂಟದ ಮಿಗ್-21 ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ. ಅದಕ್ಕೆ ಮುನ್ನ ಆಯ್ದ ಕೆಲವೇ ಪೈಲಟ್‌ಗಳನ್ನು ಸೋವಿಯತ್ ನೆಲಕ್ಕೆ ಕಳುಹಿಸಿ ತರಬೇತಿ ಕೊಡಿಸಲಾಗಿತ್ತು. ಚಂಡೀಗಢದಲ್ಲಿ ಈ ವಿಮಾನಗಳನ್ನು ಪಡೆದ 28ನೆಯ ಸ್ಕ್ವಾಡ್ರನ್ನಿನ ನಾಯಕತ್ವ ವಹಿಸಿದ್ದ ದಿಲ್‌ಬಾಗ್ ಸಿಂಗ್ ಅವರು ಮುಂದೆ ಇಡೀ ವಾಯುಪಡೆಯ ಮುಖ್ಯಸ್ಥರಾದರು. ಆ ಮೊದಲ ತಂಡದವರು ಬೇರೆ ಜೆಟ್ ವಿಮಾನಗಳಲ್ಲಿ ಚೆನ್ನಾಗಿ ಪಳಗಿದ್ದವರು. ಹೊಸ ವಿಮಾನದ ಸ್ವಭಾವ ಬೇರೆಯಾದರೂ ಅದನ್ನು ತಾಳಿಕೊಳ್ಳುವಷ್ಟು ಹಾರಾಟದ ಅನುಭವ ಅವರ ಬೆನ್ನಿಗಿತ್ತು. ಕಷ್ಟ ಶುರುವಾದದ್ದು ಆಮೇಲೆ. ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ಪರವಾನಗಿಯ ಮೇಲೆ ಮಿಗ್-21ಗಳು ನೂರಾರು ಸಂಖ್ಯೆಯಲ್ಲಿ ತಯಾರಾದವು, ಸ್ಕ್ವಾಡ್ರನ್ನುಗಳು ತುಂಬಿದವು, ಹಳೆಯ ತಲೆಮಾರಿನ ವಿಮಾನಗಳು ಒಂದೊಂದಾಗಿ ನಿವೃತ್ತಿಯಾದವು. ಕೊನೆಗೆ ಹೊಸದಾಗಿ ರೆಕ್ಕೆಯ ಲಾಂಛನ ಪಡೆದ ಹುಡುಗ ಕಿರಣ್ ಎಂಬ ನಿಧಾನಗತಿಯ ತರಬೇತಿ ಜೆಟ್‌ನಿಂದ ಇಳಿದು ಹೆಚ್ಚುಕಡಿಮೆ ನೇರವಾಗಿ ಶಬ್ದಕ್ಕಿಂತ ಎರಡು ಪಟ್ಟು ವೇಗದ ಮಿಗ್‌ಗೆ ಹತ್ತಬೇಕಾಯಿತು.

ಈ ಬದಲಾವಣೆ ಎಂಥದ್ದೆಂದು ತಿಳಿಯಲು ಕಾಕ್‌ಪಿಟ್ಟಿನೊಳಗೆ ಒಮ್ಮೆ ಇಣುಕಿ ನೋಡಬೇಕು. ನಮ್ಮಲ್ಲೇ ವಿನ್ಯಾಸಗೊಂಡ ಕಿರಣ್ ವಿಮಾನದಲ್ಲಿ ಬೋಧಕ ಮತ್ತು ವಿದ್ಯಾರ್ಥಿ ಅಕ್ಕಪಕ್ಕದಲ್ಲಿ ಕೂರುತ್ತಾರೆ. ವಿದ್ಯಾರ್ಥಿಯ ಕೈ ಎಲ್ಲಿದೆ, ಕಣ್ಣು ಎಲ್ಲಿದೆ ಎಂಬುದು ಬೋಧಕನಿಗೆ ಕಾಣುತ್ತಿರುತ್ತದೆ. ಎರಡು ಆಸನಗಳ ಮಿಗ್-21ರಲ್ಲಿ ಬೋಧಕ ಕೂರುವುದು ವಿದ್ಯಾರ್ಥಿಯ ಬೆನ್ನ ಹಿಂದೆ. ಅಲ್ಲಿಂದ ರನ್‌ವೇ ಸರಿಯಾಗಿ ಕಾಣದ ಕಾರಣ, ಅದರ ನಂತರದ ಮಾದರಿಗಳಲ್ಲಿ ಹಿಂದಿನ ಆಸನಕ್ಕೆ ಪೆರಿಸ್ಕೋಪ್ ಜೋಡಿಸಬೇಕಾಯಿತು. ಕಿರಣ್‌ನಲ್ಲಿ ವೇಗವನ್ನು ನಾಟ್‌ಗಳಲ್ಲಿಯೂ ಎತ್ತರವನ್ನು ಅಡಿಗಳಲ್ಲಿಯೂ ಓದಿ ರೂಢಿಯಾದವನು ಮಿಗ್‌ನಲ್ಲಿ ಎರಡನ್ನೂ ಕಿಲೋಮೀಟರು, ಮೀಟರುಗಳಲ್ಲಿ ಓದಬೇಕು. ವಿಮಾನ ಓರೆಯಾಗಿದೆಯೇ ನೆಟ್ಟಗಿದೆಯೇ ಎಂದು ತಿಳಿಸುವ ಉಪಕರಣದ ರೀತಿಯೂ ಬೇರೆ. ಪಾಶ್ಚಾತ್ಯ ವಿಮಾನಗಳಲ್ಲಿ ದಿಗಂತದ ರೇಖೆ ವಾಲುತ್ತದೆ, ಸೋವಿಯತ್ ಪದ್ಧತಿಯಲ್ಲಿ ವಿಮಾನದ ಚಿಹ್ನೆಯೇ ವಾಲುತ್ತದೆ. ಮೋಡದೊಳಗೆ ಹೊಕ್ಕು ದಿಕ್ಕುತಪ್ಪಿದಾಗ, ಕಣ್ಣಿಗೆ ರೂಢಿಯಾದ ಹಳೆಯ ಓದು ಕೈಯನ್ನು ತಪ್ಪು ಬದಿಗೆ ಎಳೆಯಬಹುದು. ಇನ್ನು ಇಳಿಯುವಾಗ ರನ್‌ವೇಯತ್ತ ಬರುವ ವೇಗ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು. ಕಿರಿದಾದ ತ್ರಿಕೋನ ರೆಕ್ಕೆಯ ಆ ವಿಮಾನದ ವೇಗ ಸ್ವಲ್ಪ ತಗ್ಗಿದರೂ ಅದು ಕಲ್ಲಿನಂತೆ ಕುಸಿಯುತ್ತದೆ. ಇಷ್ಟನ್ನೆಲ್ಲ ಕಲಿಯಲು ನಡುವೆ ಒಂದು ಮೆಟ್ಟಿಲು ಬೇಕಿತ್ತು. ಆ ಮೆಟ್ಟಿಲೇ ಇರಲಿಲ್ಲ.

ಇದು ಯಾರಿಗೂ ಗೊತ್ತಿರದ ಸಂಗತಿಯಾಗಿರಲಿಲ್ಲ. ಏರ್ ಮಾರ್ಷಲ್ ಲಾ ಫಾಂಟೇನ್ ಅವರ ನೇತೃತ್ವದ ಸಮಿತಿಯು ಯುದ್ಧವಿಮಾನಗಳ ಅಪಘಾತಗಳನ್ನು ಪರಿಶೀಲಿಸಿ, ಸುಧಾರಿತ ತರಬೇತಿ ಜೆಟ್ ಬೇಕೇ ಬೇಕೆಂದು 1982ರಲ್ಲಿಯೇ ಶಿಫಾರಸು ಮಾಡಿತ್ತು. ಬ್ರಿಟನ್ನಿನ ಹಾಕ್ ವಿಮಾನಗಳ ಖರೀದಿಗೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ. ಒಟ್ಟು 66ರಲ್ಲಿ 24 ಬ್ರಿಟನ್ನಿನಿಂದ ಸಿದ್ಧವಾಗಿ ಬರಬೇಕಿತ್ತು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. ನಮ್ಮ ಬೀದರಿನ ವಾಯುನೆಲೆಯಲ್ಲಿ ಹಾಕ್ ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಶಿಫಾರಸಿಗೂ ವಿಮಾನಕ್ಕೂ ನಡುವೆ ಇಪ್ಪತ್ತಾರು ವರ್ಷ! ಅಷ್ಟರಲ್ಲಿ ಇದೇ ದೇಶ ಮಿರಾಜ್ 2000 ಕೊಂಡಿತು, ಮಿಗ್-29 ಕೊಂಡಿತು, ಸುಖೋಯ್-30 ಕೊಂಡಿತು. ಯುದ್ಧವಿಮಾನಕ್ಕೆ ಸಿಕ್ಕ ಹಣ, ಸಿಕ್ಕ ತುರ್ತು, ತರಬೇತಿ ವಿಮಾನಕ್ಕೆ ಸಿಗಲಿಲ್ಲ. ಇದನ್ನು ಬರಿಯ ಆಡಳಿತದ ವಿಳಂಬವೆಂದು ಕರೆದು ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ರಕ್ಷಣಾ ಸಚಿವರಾಗಿದ್ದ ಎ.ಕೆ. ಆಂಟನಿಯವರು 2012ರಲ್ಲಿ ಸಂಸತ್ತಿಗೆ ತಿಳಿಸಿದ ಪ್ರಕಾರ, ಅಲ್ಲಿಯವರೆಗೆ ಕೊಂಡ 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿದ್ದವು, 171 ಪೈಲಟ್‌ಗಳೂ 39 ನಾಗರಿಕರೂ ಜೀವ ಕಳೆದುಕೊಂಡಿದ್ದರು. ಎಂಜಿನ್ನಿನ ದೋಷ, ಹಕ್ಕಿಗಳ ಡಿಕ್ಕಿ, ವಿಮಾನಗಳ ವಯಸ್ಸು, ನಿರ್ವಹಣೆಯ ಕೊರತೆ ಇವೆಲ್ಲವೂ ಇದರಲ್ಲಿ ಸೇರಿವೆ, ಎಲ್ಲವನ್ನೂ ತರಬೇತಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಮನುಷ್ಯನ ತಪ್ಪು ಎಂದು ವರದಿಯಲ್ಲಿ ದಾಖಲಾದ ಅಪಘಾತಗಳನ್ನು ಓದುವಾಗ, ಆ ಮನುಷ್ಯನಿಗೆ ನಡುವಿನ ಮೆಟ್ಟಿಲನ್ನು ನಾವು ಕೊಟ್ಟಿರಲಿಲ್ಲ ಎಂಬುದನ್ನು ಸೇರಿಸಿಕೊಂಡೇ ಓದಬೇಕು.

ಹಾಕ್ ಬಂದ ಮೇಲೆ ಬೀದರ್ ಯುದ್ಧವಿಮಾನದ ಪೈಲಟ್‌ಗಳು ರೂಪುಗೊಳ್ಳುವ ಮುಖ್ಯ ಸ್ಥಳವಾಯಿತು. 2016ರಲ್ಲಿ ಸೇವೆಗೆ ಸೇರಿದ ದೇಶದ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅವರೂ ಅಲ್ಲಿಯೇ ಹಾಕ್ ವಿಮಾನದಲ್ಲಿ ಪಳಗಿದರು. ಅಂತಹ ನೆಲೆಯೊಂದು ನಮ್ಮ ನಾಡಿನಲ್ಲಿದೆ ಎಂಬುದನ್ನು ಬೀದರಿನ ಆಚೆಯ ಕನ್ನಡಿಗರು ಇನ್ನಷ್ಟು ತಿಳಿದಿರಬೇಕು ಎಂಬುದು ನನ್ನ ಆಸೆ.

ಈಗ ಖರೀದಿಯ ಕಡೆಗೆ ಬರೋಣ. 2007ರ ಆಗಸ್ಟ್‌ನಲ್ಲಿ 126 ಮಧ್ಯಮ ತೂಕದ ಯುದ್ಧವಿಮಾನಗಳಿಗಾಗಿ ಭಾರತ ಟೆಂಡರ್ ಕರೆಯಿತು. ಸ್ಪರ್ಧೆಯಲ್ಲಿ ಆರು ವಿಮಾನಗಳಿದ್ದವು: ಅಮೆರಿಕದ ಎಫ್-16 ಮತ್ತು ಎಫ್-18, ರಷ್ಯದ ಮಿಗ್-35, ಸ್ವೀಡನ್ನಿನ ಗ್ರಿಪೆನ್, ಯುರೋಪಿನ ನಾಲ್ಕು ದೇಶಗಳು ಕೂಡಿ ಕಟ್ಟಿದ ಟೈಫೂನ್, ಫ್ರಾನ್ಸಿನ ರಫೇಲ್. ನಮ್ಮ ಪರೀಕ್ಷಾ ಪೈಲಟ್‌ಗಳು ಇವನ್ನು ಮೂರು ಕಡೆ ಹಾರಿಸಿ ನೋಡಿದರು. ಬೆಂಗಳೂರಿನ ತೇವದ ಹವೆಯಲ್ಲಿ, ಜೈಸಲ್ಮೇರಿನ ಮರಳುಗಾಡಿನ ಬಿಸಿಯಲ್ಲಿ, ಮತ್ತು ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಎತ್ತರದಲ್ಲಿರುವ ಲೇಹ್‌ನಲ್ಲಿ. ಲೇಹ್‌ನ ಪರೀಕ್ಷೆ ಏಕೆ ಮುಖ್ಯವೆಂದರೆ, ಅಲ್ಲಿ ಗಾಳಿ ತೆಳು. ಜೆಟ್ ಎಂಜಿನ್ನಿಗೆ ಉಸಿರು ಸಾಲದೆ ನೂಕುಬಲ ತಗ್ಗುತ್ತದೆ, ರೆಕ್ಕೆಗೂ ಅಷ್ಟೇ ಆಧಾರ ಸಿಗುವುದಿಲ್ಲ. ಯುರೋಪಿನ ಬಯಲಿನಲ್ಲಿ ಸಲೀಸಾಗಿ ಏರುವ ವಿಮಾನ ಅಲ್ಲಿ ಕಡಿಮೆ ಇಂಧನ, ಕಡಿಮೆ ಶಸ್ತ್ರ ಹೊತ್ತು ಏಳಬೇಕಾಗುತ್ತದೆ. ಎತ್ತರದ ನೆಲೆಯ ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ನಿಂತ ಎಂಜಿನ್ ಬೆಳಗ್ಗೆ ಚಾಲೂ ಆಗುವುದೂ ಒಂದು ಪರೀಕ್ಷೆಯೇ. ಇನ್ನೊಂದು ದೇಶದ ಅಗತ್ಯಕ್ಕೆ ಹುಟ್ಟಿದ ಯಂತ್ರವನ್ನು ಕೊಳ್ಳುವಾಗ ಅದು ನಮ್ಮ ನೆಲದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮಾರುವವನ ಕೈಪಿಡಿ ಹೇಳುವುದಿಲ್ಲ. ಮುಂದೆ ರಫೇಲ್ ಕೊಂಡಾಗ ಭಾರತಕ್ಕೆಂದೇ ಹದಿಮೂರು ಮಾರ್ಪಾಡುಗಳನ್ನು ಕೇಳಿ ಹಾಕಿಸಿಕೊಂಡದ್ದು ಇದೇ ಕಾರಣಕ್ಕೆ.

2012ರ ಜನವರಿಯಲ್ಲಿ ರಫೇಲ್ ಕಡಿಮೆ ದರದ ಸ್ಪರ್ಧಿಯೆಂದು ಆಯ್ಕೆಯಾಯಿತು. ಆದರೆ 18 ವಿಮಾನ ಸಿದ್ಧವಾಗಿ ಬಂದು ಉಳಿದ 108 ಎಚ್‌ಎಎಲ್‌ನಲ್ಲಿ ತಯಾರಾಗಬೇಕೆಂಬ ಷರತ್ತಿನಲ್ಲಿ, ಇಲ್ಲಿ ತಯಾರಾದ ವಿಮಾನಕ್ಕೆ ಹೊಣೆ ಯಾರದು, ತಯಾರಿಕೆಗೆ ಎಷ್ಟು ಮಾನವಗಂಟೆ ಬೇಕು ಎಂಬ ಲೆಕ್ಕದಲ್ಲಿ ಮಾತುಕತೆ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಡೆಗೆ 2015ರಲ್ಲಿ ಅದನ್ನು ಕೈಬಿಟ್ಟು, 2016ರ ಸೆಪ್ಟೆಂಬರ್ 23ರಂದು ಎರಡು ಸರ್ಕಾರಗಳ ನಡುವೆ 36 ವಿಮಾನಗಳಿಗೆ ಸುಮಾರು 59,000 ಕೋಟಿ ರೂಪಾಯಿಯ ಒಪ್ಪಂದವಾಯಿತು. ಬೆಲೆಯ ರಾಜಕೀಯ ವಿವಾದ ನಿಮಗೆಲ್ಲ ಗೊತ್ತಿರುವುದೇ, ಅದನ್ನು ನಾನಿಲ್ಲಿ ಕೆದಕುವುದಿಲ್ಲ. ನಾನು ಗಮನಿಸುವುದು ಬೇರೆ ಎರಡು ಸಂಗತಿಗಳನ್ನು. ಆ 36ರಲ್ಲಿ 8 ವಿಮಾನಗಳು ಎರಡು ಆಸನದವು, ಅಂದರೆ ಕಲಿಸುವ ಅಗತ್ಯ ಒಪ್ಪಂದದ ಎಣಿಕೆಯೊಳಗೇ ಬಂದಿತ್ತು. ಮತ್ತು 2019ರ ಅಕ್ಟೋಬರ್‌ನಲ್ಲಿ ಮೊದಲ ವಿಮಾನವನ್ನು ಹಸ್ತಾಂತರಿಸಿದ ಮೇಲೂ ಅದನ್ನು ಕೂಡಲೇ ಭಾರತಕ್ಕೆ ತರಲಿಲ್ಲ. ಮೊದಲು ಕೈಸೇರಿದ ವಿಮಾನಗಳು ಫ್ರಾನ್ಸಿನಲ್ಲಿಯೇ ಉಳಿದು ನಮ್ಮ ಪೈಲಟ್‌ಗಳ ತರಬೇತಿಗೆ ಬಳಕೆಯಾದವು. ಐದು ರಫೇಲ್‌ಗಳು ಅಂಬಾಲಾಕ್ಕೆ ಬಂದಿಳಿದದ್ದು 2020ರ ಜುಲೈ 29ರಂದು. ಪೂರ್ವ ಲಡಾಖಿನಲ್ಲಿ ಆಗ ಚೀನಾದೊಡನೆ ಬಿಕ್ಕಟ್ಟು ನಡೆದಿತ್ತು. ಅಷ್ಟು ಬೇಗ ಅವನ್ನು ಕಾರ್ಯಾಚರಣೆಗೆ ಅಣಿಗೊಳಿಸಲು ಸಾಧ್ಯವಾದದ್ದು ಆ ಒಂಬತ್ತು ತಿಂಗಳ ತಾಳ್ಮೆಯಿಂದ ಎಂದು ನಾನು ದೃಢವಾಗಿ ನಂಬುತ್ತೇನೆ.

ಹೊಸ ವಿಮಾನಕ್ಕೆ ಹೊಂದಿಕೊಳ್ಳುವ ಈ ತರಬೇತಿಯನ್ನು ವಾಯುಪಡೆಯಲ್ಲಿ ಕನ್ವರ್ಷನ್ ಎನ್ನುತ್ತಾರೆ. ಮೊದಲು ತರಗತಿಯಲ್ಲಿ ವಿಮಾನದ ವ್ಯವಸ್ಥೆಗಳ ಪಾಠ, ಆಮೇಲೆ ನೆಲದ ಮೇಲೆಯೇ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರ್, ಆಮೇಲೆ ಬೋಧಕನೊಡನೆ ಹಾರಾಟ, ಅದಾದ ಮೇಲೆ ಒಂಟಿಯಾಗಿ. ಹೊರಗಿನವರು ಒಂಟಿ ಹಾರಾಟವೇ ಕೊನೆಯೆಂದು ತಿಳಿಯುತ್ತಾರೆ, ನಿಜಕ್ಕೂ ಅಲ್ಲಿಂದಲೇ ಶುರು. ರಾಡಾರ್ ತೋರಿಸುವುದನ್ನು ಅರ್ಥಮಾಡಿಕೊಂಡು ಕ್ಷಣದಲ್ಲಿ ನಿರ್ಧರಿಸುವುದು, ರಾತ್ರಿ ಹಾರುವುದು, ಆಕಾಶದಲ್ಲಿಯೇ ಇಂಧನ ತುಂಬಿಸಿಕೊಳ್ಳುವುದು, ಶಸ್ತ್ರಗಳನ್ನು ಪ್ರಯೋಗಿಸುವುದು, ಬೇರೆ ಬಗೆಯ ವಿಮಾನಗಳ ಜೊತೆಗೂಡಿ ಒಂದು ಯೋಜನೆಯನ್ನು ನಡೆಸುವುದು, ಇವೆಲ್ಲ ಮುಗಿಯಲು ಎಷ್ಟೋ ತಿಂಗಳು ಹಿಡಿಯುತ್ತದೆ. ಮೊದಲ ತಂಡಕ್ಕೆ ಆರಿಸುವುದು ಸ್ವಾಭಾವಿಕವಾಗಿಯೇ ಅತ್ಯುತ್ತಮರನ್ನು. ಅವರೇ ಮರಳಿ ಬಂದು ಉಳಿದವರಿಗೆ ಕಲಿಸುವವರು. ಆದ್ದರಿಂದ ಸುಖೋಯ್ ಅಥವಾ ಮಿರಾಜ್ ಸ್ಕ್ವಾಡ್ರನ್ನಿನ ಅನುಭವಿಗಳನ್ನು ಕಿತ್ತು ತೆಗೆದಾಗ ಆ ಸ್ಕ್ವಾಡ್ರನ್ನಿನಲ್ಲಿ ಕಿರಿಯರಿಗೆ ಹೇಳಿಕೊಡುವವರು ಕಡಿಮೆಯಾಗುತ್ತಾರೆ. ಖರೀದಿಯ ಈ ವೆಚ್ಚ ಯಾವ ಒಪ್ಪಂದದ ಹಾಳೆಯಲ್ಲಿಯೂ ಕಾಣುವುದಿಲ್ಲ.

ದೇಹಕ್ಕೂ ಪರೀಕ್ಷೆಯಿದೆ. ಆಧುನಿಕ ಯುದ್ಧವಿಮಾನ ತಿರುವಿನಲ್ಲಿ ಗುರುತ್ವದ ಒಂಬತ್ತು ಪಟ್ಟು ಬಲವನ್ನು ಪೈಲಟ್‌ನ ಮೇಲೆ ಹೇರಬಲ್ಲದು. ಎಪ್ಪತ್ತು ಕಿಲೋ ತೂಕದವರ ದೇಹ ಆ ಕ್ಷಣಕ್ಕೆ 630 ಕಿಲೋ ಭಾರವೆನಿಸುತ್ತದೆ, ರಕ್ತ ತಲೆಯಿಂದ ಕಾಲಿನತ್ತ ಇಳಿಯುತ್ತದೆ, ಕಣ್ಣಿಗೆ ಮೊದಲು ಬಣ್ಣ ಮಾಸಿ, ನೋಟದ ಅಂಚು ಕಪ್ಪಾಗಿ, ಕೊನೆಗೆ ಎಚ್ಚರವೇ ತಪ್ಪಬಹುದು. ಕಾಲು ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿದು, ಉಸಿರನ್ನು ತುಂಡುತುಂಡಾಗಿ ಎಳೆದು ಬಿಟ್ಟು ರಕ್ತವನ್ನು ಮೇಲೆಯೇ ಉಳಿಸಿಕೊಳ್ಳುವ ವಿಧಾನವನ್ನು ಅವರು ನೆಲದ ಮೇಲೆಯೇ ಕಲಿಯಬೇಕು. ಇದಕ್ಕೆಂದೇ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಉದ್ದನೆಯ ತೋಳಿನ ತುದಿಯಲ್ಲಿ ಮನುಷ್ಯನನ್ನು ಕೂರಿಸಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರವಿದೆ.

ತರಬೇತಿಯನ್ನು ಯುದ್ಧದ ನಡುವೆಯೇ ಕಟ್ಟಬೇಕಾದರೆ ಏನಾಗುತ್ತದೆ ಎಂಬುದನ್ನು ಉಕ್ರೇನ್ ಈಚೆಗೆ ಅನುಭವಿಸಿತು. 2023ರ ಆಗಸ್ಟ್‌ನಲ್ಲಿ ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್ ತಮ್ಮ ಎಫ್-16ಗಳನ್ನು ಕೊಡುವುದಾಗಿ ಘೋಷಿಸಿದವು. ಉಕ್ರೇನಿನ ಪೈಲಟ್‌ಗಳು ಅದುವರೆಗೆ ಹಾರಿಸಿದ್ದು ಮಿಗ್-29, ಸುಖೋಯ್-27ಗಳನ್ನು. ಅಮೆರಿಕಕ್ಕೆ ಹೋದವರಿಗೆ ಮೊದಲು ಟೆಕ್ಸಾಸಿನಲ್ಲಿ ಇಂಗ್ಲಿಷ್ ಪಾಠ, ಅದಾದ ನಂತರ ಅರಿಜೋನಾದಲ್ಲಿ ಹಾರಾಟದ ಪಾಠ. ವಿಮಾನಗಳು ಬಂದಿವೆಯೆಂದು ಉಕ್ರೇನ್ ಪ್ರಕಟಿಸಿದ್ದು 2024ರ ಆಗಸ್ಟ್ 4ರಂದು. ಅದೇ ತಿಂಗಳ 26ರಂದು, ಭಾರೀ ಕ್ಷಿಪಣಿ ದಾಳಿಯನ್ನು ಎದುರಿಸುವಾಗ ಒಂದು ಎಫ್-16 ಬಿದ್ದು ಅದರ ಪೈಲಟ್ ಮಡಿದರು. ಒಂದು ಘಟನೆಯಿಂದ ಯಾವ ತೀರ್ಮಾನಕ್ಕೂ ಬರಲಾಗದು. ಆದರೆ ವಿಮಾನ ಕೊಡುವ ನಿರ್ಧಾರಕ್ಕೂ ಅದು ರಣರಂಗದ ಮೇಲೆ ಕಾಣಿಸಿಕೊಂಡದ್ದಕ್ಕೂ ನಡುವೆ ಒಂದು ವರ್ಷ ಕಳೆಯಿತು, ಅದರ ದೊಡ್ಡ ಪಾಲು ಮನುಷ್ಯರ ತಯಾರಿಗೆ ಹೋಯಿತು ಎಂಬುದು ಸ್ಪಷ್ಟ.

ನಮ್ಮ ನೌಕಾಪಡೆಯ ಉದಾಹರಣೆ ಇದಕ್ಕಿಂತ ಹೆಚ್ಚು ಪಾಠ ಕಲಿಸುತ್ತದೆ. ರಷ್ಯದಿಂದ ಮಿಗ್-29ಕೆ ವಿಮಾನಗಳನ್ನು ಕೊಳ್ಳುವ ಮೊದಲ ಒಪ್ಪಂದ 2004ರಲ್ಲಿ ಆಯಿತು, 2010ರಲ್ಲಿ ಎರಡನೆಯದು, ಒಟ್ಟು 45 ವಿಮಾನ. ಅವು 2010ರಲ್ಲಿಯೇ ಗೋವಾದಲ್ಲಿ ಸೇವೆಗೆ ಸೇರಿದವು. ಅವುಗಳ ತಾಣವಾಗಬೇಕಿದ್ದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಸೇವೆಗೆ ಬಂದದ್ದು 2013ರ ನವೆಂಬರ್‌ನಲ್ಲಿ. ನೌಕೆಯ ಮೇಲೆ ಇಳಿಯುವ ವಿದ್ಯೆಯನ್ನು ನೌಕೆಯಿಲ್ಲದೆ ಪೂರ್ತಿಯಾಗಿ ಕಲಿಯಲಾಗದು. ಸರ್ಕಾರದ ಲೆಕ್ಕಪರಿಶೋಧಕ ಸಂಸ್ಥೆಯಾದ ಸಿಎಜಿಯ 2016ರ ವರದಿ ಇನ್ನೂ ಕಳವಳಕಾರಿ ಸಂಗತಿಗಳನ್ನು ದಾಖಲಿಸಿತು. ಹಾರಲು ಸಿದ್ಧವಿರುತ್ತಿದ್ದ ವಿಮಾನಗಳ ಪ್ರಮಾಣ ಶೇ. 15.93ರಿಂದ ಶೇ. 37.63ರ ನಡುವೆ ಇತ್ತು. ಕೊಂಡು ತಂದ ಸಿಮ್ಯುಲೇಟರ್‌ನ ದೃಶ್ಯಗಳು ನೌಕೆಯ ಮೇಲೆ ಇಳಿಯುವ ಅರ್ಹತೆಯ ತರಬೇತಿಗೆ ತಕ್ಕುದಾಗಿರಲಿಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಇಟ್ಟು ನೋಡಿ. ಬಿಡಿಭಾಗಗಳಿಲ್ಲದೆ ವಿಮಾನ ನೆಲಕ್ಕೆ ಕಟ್ಟಿಬಿದ್ದರೆ ಪೈಲಟ್‌ಗೆ ಹಾರಾಟದ ಗಂಟೆಗಳು ಸಿಗವು, ಆ ಕೊರತೆಯನ್ನು ತುಂಬಬೇಕಾದ ಸಿಮ್ಯುಲೇಟರ್ ಬೇಕಾದ ಪಾಠವನ್ನೇ ಕಲಿಸದಿದ್ದರೆ ಪೈಲಟ್ ಕಲಿಯುವುದಾದರೂ ಎಲ್ಲಿ?

ನೌಕೆಯ ಮೇಲೆ ಇಳಿಯುವುದು ಎಂದರೇನೆಂದು ಹೇಳಿಬಿಡುತ್ತೇನೆ. ನೌಕೆಯ ಮೇಲ್ಹಾಸಾದ ಡೆಕ್ಕಿನ ಮೇಲೆ ಅಡ್ಡಲಾಗಿ ಮೂರು ಉಕ್ಕಿನ ಹಗ್ಗಗಳಿರುತ್ತವೆ. ವಿಮಾನದ ಬಾಲದ ಕೊಕ್ಕೆ ಅವುಗಳಲ್ಲಿ ಒಂದನ್ನು ಹಿಡಿಯಬೇಕು. 2023ರ ಫೆಬ್ರುವರಿಯಲ್ಲಿ ತೇಜಸ್‌ನ ನೌಕಾ ಮಾದರಿ ನಮ್ಮ ಇನ್ನೊಂದು ವಿಮಾನವಾಹಕ ನೌಕೆಯಾದ ವಿಕ್ರಾಂತ್ ಮೇಲೆ ಇಳಿದಾಗ ಗಂಟೆಗೆ 240 ಕಿಲೋಮೀಟರ್ ವೇಗ ಎರಡೂವರೆ ಸೆಕೆಂಡಿನಲ್ಲಿ ಸೊನ್ನೆಯಾಯಿತೆಂದು ನೌಕಾಪಡೆ ತಿಳಿಸಿತು. ಚಕ್ರ ಡೆಕ್ಕನ್ನು ಮುಟ್ಟಿದ ಕೂಡಲೇ ಪೈಲಟ್ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುವ ಬದಲು ಪೂರ್ತಿ ಏರಿಸುತ್ತಾನೆ. ಕೊಕ್ಕೆ ತಪ್ಪಿದರೆ ಮರುಕ್ಷಣ ಮತ್ತೆ ಆಕಾಶಕ್ಕೆ ಏರಬೇಕಲ್ಲ. ನೆಲದ ರನ್‌ವೇಯಲ್ಲಿ ವರ್ಷಗಳಿಂದ ಇಳಿದು ರೂಢಿಯಾದ ಕೈಗೆ ಇದು ಪೂರಾ ವಿರುದ್ಧವಾದ ಚಲನೆ.

ಪೈಲಟ್‌ಗಳನ್ನು ಸಿದ್ಧಗೊಳಿಸುವ ಈ ಸರಪಳಿಯ ಬುಡದಲ್ಲಿ ಇನ್ನೂ ಒಂದು ತೊಡಕಿದೆ. ಪೈಲಟ್ ಆಗಲು ಬಂದವರಿಗೆ ಮೊದಲ ಪಾಠ ಹೇಳುವ ವಿಮಾನಗಳೇ ನಮ್ಮಲ್ಲಿ ಸಾಲದೆ ಹೋಗಿವೆ. ಎಚ್‌ಪಿಟಿ-32 ವಿಮಾನಗಳ ಹಾರಾಟವನ್ನು 2009ರಲ್ಲಿ ನಿಲ್ಲಿಸಿದ ಮೇಲೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು 2013ರಲ್ಲಿ ಬರುವವರೆಗೆ, ಎರಡನೆಯ ಹಂತಕ್ಕೆಂದು ಇಟ್ಟಿದ್ದ ಕಿರಣ್‌ಗಳಲ್ಲಿಯೇ ಮೊದಲ ಹಂತವನ್ನೂ ನಡೆಸಬೇಕಾಯಿತು. ವಾಯುಪಡೆಯಲ್ಲಿ ಪೈಲಟ್‌ಗಳ ಕೊರತೆ 2015ರಲ್ಲಿ 486 ಇದ್ದದ್ದು 2021ರ ಕೊನೆಗೆ 596ಕ್ಕೆ ಏರಿತೆಂದು ಸಿಎಜಿ ವರದಿ ಹೇಳುತ್ತದೆ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ತರಬೇತಿ ವಿಮಾನಗಳಲ್ಲಿ 70ಕ್ಕೆ 2023ರ ಮಾರ್ಚ್‌ನಲ್ಲಿ ಒಪ್ಪಂದವಾಗಿದೆ. ಅದರ ಎಂಜಿನ್ ಅಮೆರಿಕದ್ದು, ಹಾಗಾಗಿ ಅಲ್ಲಿಯೂ ನಮ್ಮ ವೇಳಾಪಟ್ಟಿ ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಇಷ್ಟಾದರೂ ಯುದ್ಧವಿಮಾನದಷ್ಟು ಸುದ್ದಿಯಾಗದ ಈ ಪುಟ್ಟ ವಿಮಾನವನ್ನು ನಾನು ಕಳೆದ ದಶಕದ ಬಹುಮುಖ್ಯ ಖರೀದಿಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇನ್ನು ಮುಂದಿನ ಮಾತು. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗಾಗಿ 26 ರಫೇಲ್‌ಗಳ ಒಪ್ಪಂದಕ್ಕೆ ಸಹಿ ಬಿದ್ದಿದೆ. 22 ಒಂದು ಆಸನದವು, 4 ಎರಡು ಆಸನದವು. ತರಬೇತಿ, ಸಿಮ್ಯುಲೇಟರ್, ನಿರ್ವಹಣೆ ಎಲ್ಲವೂ ಅದರಲ್ಲಿ ಸೇರಿವೆ, 2030ರೊಳಗೆ ಪೂರೈಕೆ ಮುಗಿಯಬೇಕು. ಮೊದಲಿನ ಅನುಭವಗಳಿಂದ ಕಲಿತಿದ್ದೇವೆ ಎನ್ನುವುದಕ್ಕೆ ಇದು ಸಾಕ್ಷಿ, ಅದಕ್ಕಾಗಿ ಸಂಬಂಧಪಟ್ಟವರನ್ನು ಮನಸಾರೆ ಅಭಿನಂದಿಸಬೇಕು. ಆದರೆ ಸೂಕ್ಷ್ಮವಾಗಿ ನೋಡಬೇಕಾದ ವಿಷಯವೊಂದು ಉಳಿದಿದೆ. ಮಿಗ್-29ಕೆಯ ಎರಡು ಆಸನದ ಮಾದರಿ ನೌಕೆಯ ಮೇಲೂ ಇಳಿಯಬಲ್ಲದು. ರಫೇಲ್‌ನ ನೌಕಾ ಮಾದರಿಯಲ್ಲಿ ಎರಡು ಆಸನದ್ದೇ ಇಲ್ಲ, ಕೊಳ್ಳುತ್ತಿರುವ ಆ ನಾಲ್ಕು ವಿಮಾನಗಳು ದಡದ ನೆಲೆಯಲ್ಲಿ ಕಲಿಸುವುದಕ್ಕೆ ಮಾತ್ರ. ಅಂದರೆ ರಫೇಲ್ ಏರಿದ ನಮ್ಮ ಪೈಲಟ್ ವಿಕ್ರಾಂತ್‌ನ ಡೆಕ್ಕಿನ ಮೇಲೆ ಮೊದಲ ಬಾರಿ ಇಳಿಯುವಾಗ ಹಿಂದಿನ ಆಸನದಲ್ಲಿ ಬೋಧಕ ಇರುವುದಿಲ್ಲ. ಫ್ರಾನ್ಸಿನ ಶಾರ್ಲ್ ದ ಗೋಲ್ ನೌಕೆಯಲ್ಲಿ ಕೊಕ್ಕೆ ಹಾಕಿ ಇಳಿಯುವುದನ್ನು ಕಲಿಯಬಹುದು. ಆದರೆ ಅಲ್ಲಿ ವಿಮಾನವನ್ನು ಕವಣೆಯಂತ್ರದಿಂದ ಎಸೆದು ಹಾರಿಸುತ್ತಾರೆ, ವಿಕ್ರಾಂತ್‌ನಲ್ಲಿ ಮುಂಬದಿಯಲ್ಲಿ ಮೇಲಕ್ಕೆ ಬಾಗಿದ ಏರನ್ನು ಹತ್ತಿ ವಿಮಾನ ತನ್ನ ಬಲದಿಂದಲೇ ನೆಗೆಯಬೇಕು. ಈ ಏರುವಿಕೆಯನ್ನು ಕಲಿಸಲು ನಮಗಿರುವುದು ಗೋವಾದ ಐಎನ್‌ಎಸ್ ಹನ್ಸಾದಲ್ಲಿರುವ ದಡದ ಪರೀಕ್ಷಾ ಕೇಂದ್ರ. ಫ್ರೆಂಚರ ರಫೇಲ್ ಅಲ್ಲಿ ಈ ನೆಗೆತವನ್ನು 2022ರ ಜನವರಿಯಲ್ಲಿ ಮಾಡಿ ತೋರಿಸಿದೆ.

ಆದ್ದರಿಂದ ನಾನು ಕೇಳುವುದು ಮೂರೇ ಮಾತು. ಬರಲಿರುವ ಸಿಮ್ಯುಲೇಟರ್‌ನಲ್ಲಿ ಕಾಣುವ ಡೆಕ್ ಫ್ರಾನ್ಸಿನ ನೌಕೆಯದ್ದಾಗಿರದೆ ವಿಕ್ರಾಂತ್‌ನದ್ದೇ ಆಗಿರಬೇಕು, ಅದರ ಏರು, ಅದರ ದೀಪಗಳು, ಅರಬ್ಬೀ ಸಮುದ್ರದ ಮಳೆಗಾಲದ ಅಲೆಯಲ್ಲಿ ಅದರ ತೂಗಾಟ ಸಹಿತವಾಗಿ. ಆ ಸಿಮ್ಯುಲೇಟರ್ ಮೊದಲ ವಿಮಾನಕ್ಕಿಂತ ಮುಂಚೆ ಭಾರತದಲ್ಲಿ ಕೆಲಸ ಶುರುಮಾಡಬೇಕು. ಮತ್ತು ಅದು ಡೆಕ್ ಮೇಲಿನ ಅರ್ಹತೆಯ ತರಬೇತಿಗೆ ತಕ್ಕುದಾಗಿದೆ ಎಂದು ನಮ್ಮದೇ ನೌಕಾ ಪೈಲಟ್‌ಗಳು ಬರೆದುಕೊಟ್ಟ ಮೇಲೆಯೇ ಅದರ ಕೊನೆಯ ಕಂತಿನ ಹಣ ಸಂದಾಯವಾಗಬೇಕು.